ಎಡಗಡೆ ಓಡುವವಳ ಹೆಸರು

ಅರ್ಜುನಪ್ಪ ಸರ್ ಉಳಿದ ಕೋಚುಗಳ ಹಾಗೆ ಬಯ್ಯುವವರಲ್ಲ. ಸರಕಾರಿ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರಾಗಿ ಇಷ್ಟು ವರ್ಷ ಸೀಟಿ ಊದಿದರೂ ಅವರು ಒಬ್ಬರ ಕಿವಿ ಹಿಂಡಿದ್ದನ್ನು ಯಾರೂ ಕಂಡಿಲ್ಲ. ಅಮರಗೋಳದ ಎಪಿಎಂಸಿ ಹಿಂದಿನ ಬಯಲಿನಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿದಾಗ ಅವರು ಇಟ್ಟದ್ದು ಒಂದೇ ಕಟ್ಟಳೆ. ಚೆಂಡು ಯಾರಿಗೆ ಕೊಡುತ್ತೀಯೋ ಮೊದಲು ಅವಳ ಹೆಸರನ್ನು ಗಟ್ಟಿಯಾಗಿ ಕೂಗಬೇಕು, ಆಮೇಲೆ ಒದೆಯಬೇಕು. ಹೆಸರು ಕೂಗದೆ ಹೊಡೆದ ಚೆಂಡು ಬಲೆಯೊಳಗೆ ಬಿದ್ದರೂ ಅವರ ಪಾಲಿಗೆ ಅದು ಗೋಲಲ್ಲ.

“ಹೆಸರು ಕರದೀ ಅಂದ್ರ ಅಕಿ ಜವಾಬ್ದಾರಿ ನಿಂದಾತು,” ಎನ್ನುತ್ತಿದ್ದರು. “ಯಾರು ಹೆಚ್ಚು ಮಂದೀನ್ನ ಕರೀತಾರೋ ಅವರೇ ಕ್ಯಾಪ್ಟನ್. ನನಗ ಕೊಡ್ರಿ, ನನಗ ಕೊಡ್ರಿ ಅಂತ ಒದರಾಕಿ ನನ್ನ ಟೀಮಿನ್ಯಾಗ ಬ್ಯಾಡವಾ.”

ಹೀಗೆ ಅಫ್ರೀನ್ ಕ್ಯಾಪ್ಟನ್ ಆದಳು. ಅವಳ ಗಂಟಲಿಗೆ ಎಪಿಎಂಸಿ ಮಾರುಕಟ್ಟೆಯ ಅಂಗಳದಲ್ಲಿ ಮೆಣಸಿನಕಾಯಿ ಚೀಲ ಇಳಿಸುವ ಹಮಾಲರೂ ತಿರುಗಿ ನೋಡುತ್ತಿದ್ದರು. ಅವಳು ಅತಿ ಹೆಚ್ಚು ಕೂಗುತ್ತಿದ್ದದ್ದು ಜೋಯಾಳ ಹೆಸರನ್ನು. ಕಣ್ಣೆತ್ತದೆ “ಜೋಯಾ!” ಎಂದು ಎಡಗಡೆಗೆ ಒದ್ದುಬಿಟ್ಟರೆ ಸಾಕು, ಚೆಂಡು ಹೋಗಿ ಮುಟ್ಟುವಷ್ಟರಲ್ಲಿ ಜೋಯಾ ಅಲ್ಲಿ ಇದ್ದೇ ಇರುತ್ತಿದ್ದಳು.

ಆ ಜೋಯಾ ಹೋದ ಮಳೆಗಾಲದಲ್ಲಿ ಡೆಂಗಿ ಜ್ವರ ಬಂದು ತೀರಿಕೊಂಡಳು. ವಾರದೊಳಗೆ ಎಲ್ಲ ಮುಗಿದುಹೋಯಿತು. ಯಾರನ್ನಾದರೂ ಬೈದು ಮನಸ್ಸು ಹಗುರ ಮಾಡಿಕೊಳ್ಳೋಣವೆಂದರೆ ಬೈಸಿಕೊಳ್ಳುವಂಥ ತಪ್ಪು ಯಾರಿಂದಲೂ ಆಗಿರಲಿಲ್ಲ.

ಅದಾದ ಮೇಲಿನ ಮೊದಲ ಅಭ್ಯಾಸದ ದಿನ ಅಫ್ರೀನ್ ಚೆಂಡು ಹಿಡಿದು ಬಂದಳು, ಅಭ್ಯಾಸಬಲದಿಂದ “ಜೋಯಾ!” ಎಂದು ಕೂಗಿ ಒದ್ದೂಬಿಟ್ಟಳು. ಚೆಂಡು ಎಡಗಡೆಯ ಗೆರೆಗುಂಟ ಉರುಳಿ ಜಾಲಿಕಂಟಿಯ ಹತ್ತಿರ ನಿಂತಿತು. ಅದನ್ನು ತರಲು ಯಾರೂ ಹೋಗಲಿಲ್ಲ. ಹೆಸರು ಬಾಯಿಗೆ ಬಂದದ್ದಕ್ಕೆ ಸರ್ ಹೆದರಲಿಲ್ಲ, ಅಷ್ಟು ತಿಳಿಯುವಂಥದ್ದೇ. ಆದರೆ ಚೆಂಡು ಉರುಳುತ್ತಿದ್ದಷ್ಟು ಹೊತ್ತೂ ಹುಡುಗಿಯರೆಲ್ಲ ಆ ಕಡೆ ಮುಖ ಮಾಡಿ ಕಾಯುತ್ತ ನಿಂತಿದ್ದರು. ತಾವೂ ಹಾಗೆಯೇ ಕಾಯುತ್ತಿದ್ದುದು ಸರ್ ಅವರಿಗೆ ಆಮೇಲೆ ತಿಳಿಯಿತು. ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ.

ದಸರೆ ಮುಗಿದ ಮೇಲೆ ಕರುಣಾ ಬಂದಳು. ಹತ್ತಿರದ ಸುಳ್ಳ ಎಂಬ ಊರಿನಿಂದ ವರ್ಗವಾಗಿ ಬಂದ ಶಿಕ್ಷಕಿಯ ಮಗಳು, ಮಾತು ಕಡಿಮೆ, ಕಾಲು ಚುರುಕು. ಸರ್ ಅವಳನ್ನು ಎಡಗಡೆಗೆ ನಿಲ್ಲಿಸಿದರು. ಅಫ್ರೀನ್ ಒದ್ದಳು, ಬಾಯಿಂದ ಹೊರಟದ್ದು ಮಾತ್ರ ಹಳೆಯ ಹೆಸರೇ. ಕರೆದದ್ದು ತನ್ನನ್ನಲ್ಲ ಎಂದು ಕರುಣಾ ಸುಮ್ಮನೆ ನಿಂತಳು, ಚೆಂಡು ಅವಳೆದುರೇ ಗೆರೆ ದಾಟಿಹೋಯಿತು.

“ಹೆಸರಿನ್ಯಾಗ ಏನೈತಿ? ಜಾಗಾ ನಿಂದ ಐತೆಲ್ಲ, ಓಡು,” ಎಂದರು ಸರ್. ಹೆಸರನ್ನೇ ಮಂತ್ರ ಮಾಡಿಕೊಂಡಿದ್ದ ಮನುಷ್ಯ ಈ ಮಾತು ಆಡಿದ್ದು ತಮಾಷೆಯೇ. ಆದರೆ ಅಂದು ಯಾರೂ ನಗಲಿಲ್ಲ, ಕರುಣಾ ಓಡಿದಳು.

ತಿಂಗಳು ತುಂಬುವಷ್ಟರಲ್ಲಿ ತಂಡದ ಎಲ್ಲರೂ ಅದೇ ಹೆಸರು ಕೂಗತೊಡಗಿದರು, ಯಾರು “ಜೋಯಾ” ಎಂದರೂ ಕರುಣಾ ಓಡತೊಡಗಿದಳು. ಓಟವೊಂದೇ ಆಗಿದ್ದರೆ ಇರಲಿ ಎನ್ನಬಹುದಿತ್ತು. ಜೋಯಾ ಓಡುವ ಮೊದಲು ಜಡೆಯನ್ನು ಅಂಗಿಯ ಕಾಲರಿನೊಳಗೆ ತುರುಕುತ್ತಿದ್ದಳು. ಇವಳೂ ತುರುಕತೊಡಗಿದಳು. ಜೋಯಾ ತಿರುಗುವಾಗ ನಾಲಗೆಯ ತುದಿ ಕಚ್ಚುತ್ತಿದ್ದಳು, ಇವಳೂ ಕಚ್ಚಿದಳು. ಯಾರು ಹೇಳಿಕೊಟ್ಟಿರಿ ಎಂದು ಸರ್ ಅಫ್ರೀನಳನ್ನು ಕೇಳಿದರು. “ನಾವ್ಯಾರೂ ಹೇಳಿಲ್ರೀ ಸರ್,” ಎಂದಳು ಅವಳು. ಆ ಕಡೆ ಗಾಳಿ ಜಾಸ್ತಿ, ಅಲ್ಲಿ ಯಾರೇ ಓಡಿದರೂ ಜಡೆ ತುರುಕಲೇಬೇಕು ಎಂದು ಸರ್ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ನಾಲಗೆಗೂ ಗಾಳಿಗೂ ಏನು ಸಂಬಂಧ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಕೇಳಿಕೊಳ್ಳದಿರಲು ಕಾರಣವಿತ್ತು. ತಂಡ ಗೆಲ್ಲುತ್ತಿತ್ತು. ಗದಗಿನವರನ್ನು ಸೋಲಿಸಿ, ಬೆಳಗಾವಿಯವರನ್ನು ಸೋಲಿಸಿ, ಧಾರವಾಡದಲ್ಲಿ ನಡೆಯುವ ಫೈನಲ್ ತನಕ ಬಂದಿತ್ತು. ಗೆಲ್ಲುವ ತಂಡದ ಕೋಚಿಗೆ ಕಿವಿ ಕೊಂಚ ಮಂದವಾಗುವುದು ಎಲ್ಲ ಊರಲ್ಲೂ ಇದ್ದದ್ದೇ. ಇನ್ನೊಂದು ಕಾರಣವನ್ನು ಸರ್ ಯಾರೆದುರೂ ಆಡುತ್ತಿರಲಿಲ್ಲ. ಸಂಜೆಯ ಮಬ್ಬು ಬೆಳಕಿನಲ್ಲಿ “ಜೋಯಾ!” ಎಂಬ ಕೂಗೆದ್ದು, ಎಡಗಡೆ ಒಂದು ಜೊತೆ ಕಾಲು ಧೂಳೆಬ್ಬಿಸಿದರೆ, ಆ ಜ್ವರ ಬಂದೇ ಇರಲಿಲ್ಲ ಅನ್ನಿಸುತ್ತಿತ್ತು. ಆ ಒಂದು ಗಳಿಗೆಗಾಗಿ ಅವರು ದಿನವೂ ಮೈದಾನಕ್ಕೆ ಬೇಗ ಬರುತ್ತಿದ್ದರು.

ಅದಕ್ಕಾಗಿ ಬರುವವರು ಇನ್ನೊಬ್ಬರಿದ್ದರು. ಜೋಯಾಳ ತಾಯಿ ಹಾಜರಾಬಿ. ಒಂದು ದಿನ ಯಾವುದೋ ಕೆಲಸಕ್ಕೆ ಮಾರುಕಟ್ಟೆಗೆ ಬಂದವಳು ಮಗಳ ಹೆಸರು ಕೇಳಿ ಗೋಡೆಯ ಹತ್ತಿರ ನಿಂತುಬಿಟ್ಟಳು. ಆಮೇಲೆ ಸಂಜೆ ಸಂಜೆ ಬಂದು ಗೆರೆಯಾಚೆಯ ಕಲ್ಲಿನ ಮೇಲೆ ಕೂತು, ತಲೆ ತಗ್ಗಿಸಿ, ಆಟ ನೋಡದೆ ಬರೀ ಕೇಳುತ್ತಿದ್ದಳು.

“ಮನ್ಯಾಗ ಆಕಿ ಹೆಸರು ಯಾರೂ ತಗೊಳ್ಳಂಗಿಲ್ರಿ ಸರ್,” ಎಂದಳು ಒಮ್ಮೆ. “ಅವರಪ್ಪ ಕೇಳಿದ್ರ ಊಟ ಬಿಟ್ಟು ಎದ್ದು ತಾರಿಹಾಳದಾಗಿನ ತಮ್ಮ ಗ್ಯಾರೇಜಿಗೆ ಹೋಗಿ ಮಕ್ಕೊತಾರ. ಫೋಟೋ ಸೈತ ತಗದಿಟ್ಟಾರ. ಇಲ್ಲಿ ಬಂದ್ರ ಒಂದೆರಡು ತಾಸು ನನ್ನ ಮಗಳು ಇದ್ದಾಂಗ ಆಗ್ತೈತ್ರಿ. ಹಿಂಗ ನಡೀಲಿ. ನಿಲ್ಲಿಸಬ್ಯಾಡ್ರಿ.”

“ನಾ ಇರೂತನಕ ನಿಲ್ಲೂದಿಲ್ಲ ಬಿಡ್ರಿ ಅಮ್ಮಾ,” ಎಂದರು ಸರ್. ಆ ಹೊತ್ತಿಗೆ ಅದು ಭಾಳ ದೊಡ್ಡ ಪುಣ್ಯದ ಮಾತು ಅನ್ನಿಸಿತ್ತು.

ಫೈನಲ್ಲಿಗೆ ಎರಡು ದಿನ ಇರುವಾಗ ಕರುಣಾ ಅಭ್ಯಾಸ ಮುಗಿದ ಮೇಲೂ ಹೋಗದೆ ನಿಂತಳು. ಬೂಟಿನ ಲೇಸು ಬಿಚ್ಚುತ್ತ ನೆಲ ನೋಡಿಕೊಂಡೇ ಮಾತಾಡಿದಳು.

“ಸರ್, ನನಗ ನನ್ನ ಹೆಸರಿಂದ ಕರೀಲಿಕ್ಕೆ ಹೇಳ್ರಿ ಅವರಿಗೆ.”

“ಯಾಕವಾ? ಏನಾತು?”

“ನಿನ್ನೆ ನಮ್ಮವ್ವ ಕರುಣಾ, ಕರುಣಾ ಅಂತ ಕರದ್ಲ್ರಿ. ನನಗ ಕೇಳಿಸೈತ್ರಿ. ಆದ್ರ ಯಾರನ್ನೋ ಕರಿಯಾಕತ್ತಾರ ಅಂತ ಸುಮ್ಮನ ಕುಂತಿದ್ದೆ.” ಬಿಚ್ಚಿದ ಲೇಸನ್ನು ಬೆರಳಿಗೆ ಸುತ್ತಿಕೊಂಡಳು. “ಮಕ್ಕೊಂಡಾಗ ಕಿವ್ಯಾಗ ಯಾರೋ ಜೋಯಾ ಅಂತಾರ್ರಿ. ನಾ ಹೂಂ ಅಂತೇನಿ. ಹೂಂ ಅಂದ ಮ್ಯಾಲೆ ಅಂಜಿಕಿ ಆಗ್ತೈತ್ರಿ ಸರ್. ಮತ್ತ ನನಗ ನಾ ಸಿಗಂಗಿಲ್ಲ ಅನಸ್ತೈತಿ.”

ಸರ್ ಅವಳನ್ನು ನೋಡಿದರು. ಜಡೆ ಇನ್ನೂ ಕಾಲರಿನೊಳಗೇ ಇತ್ತು. ಹೂಂ ಎನ್ನಬೇಕೆಂದರೆ ಕಲ್ಲಿನ ಮೇಲೆ ಕೂತ ತಾಯಿ ಕಣ್ಣಮುಂದೆ ಬಂದಳು. ಅವಳ ಹಿಂದೆಯೇ ಧಾರವಾಡದಲ್ಲಿ ಗೆಲ್ಲಬೇಕಾದ ಕಪ್ಪೂ ಬಂತು, ಅದನ್ನೇಕೆ ಮುಚ್ಚಿಡಬೇಕು.

“ಫೈನಲ್ ಒಂದು ಮುಗೀಲಿ ತಂಗೀ. ಈಗ ಹೆಸರು ಬದಲಿ ಮಾಡಿದ್ರ ಎಲ್ಲಾರಿಗೂ ಗೊಂದಲ ಆಗ್ತೈತಿ. ಟೀಮ್ ಅಂದ ಮ್ಯಾಲೆ ನಮ್ಮದು ಅನ್ನೂದು ಸ್ವಲ್ಪ ಬಿಡಬೇಕಾಗ್ತೈತಿ.”

“ಆತ್ರಿ ಸರ್,” ಎಂದಳು ಕರುಣಾ. ಶಿಸ್ತಿನ ಹುಡುಗಿ. ಎದುರು ಮಾತಾಡುವ ಸ್ವಭಾವವೇ ಅವಳದಲ್ಲ.

ಮರುದಿನ ಕೊನೆಯ ಅಭ್ಯಾಸ. ಈರುಳ್ಳಿ ಲಾರಿಗಳು ಎಬ್ಬಿಸಿದ ಧೂಳು ಇನ್ನೂ ಕೂತಿರಲಿಲ್ಲ, ಹೊತ್ತು ಮುಳುಗುತ್ತಿತ್ತು. ಹಾಜರಾಬಿ ಕಲ್ಲಿನ ಮೇಲೆ ಇದ್ದಳು. ಅಫ್ರೀನ್ ಕೂಗಿ ಎಡಕ್ಕೆ ಒದ್ದಳು. ಕರುಣಾ ಚೆಂಡಿನ ಹಿಂದೆ ಹಾರಿದಳು, ತಗ್ಗಿನಲ್ಲಿ ಕಾಲು ಮಡಚಿಕೊಂಡಿತು, ಬೋರಲು ಬಿದ್ದಳು. ಬಿದ್ದವಳು ಏಳಲಿಲ್ಲ.

ಹುಡುಗಿಯರು ಗಾಬರಿಯಿಂದ ಸುತ್ತ ನೆರೆದರು. “ಜೋಯಾ! ಏಳ ಜೋಯಾ! ಸರ್, ಜೋಯಾ ಏಳವಲ್ಲಳ್ರಿ!”

ಕಲ್ಲಿನ ಮೇಲೆ ಕೂತಿದ್ದ ಹೆಂಗಸು ಆ ಕೂಗು ಕೇಳಿ ಎದ್ದಳು. ಎಂದೂ ಗೆರೆ ದಾಟದಿದ್ದವಳು ಮೈದಾನದ ನಡುವೆಯೇ ಓಡಿ ಬಂದಳು. ಹುಡುಗಿಯರನ್ನು ದೂಡಿ, ನೆಲಕ್ಕೆ ಕೂತು, ಬಿದ್ದವಳ ತಲೆಯನ್ನೆತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. “ಬೇಟಾ, ನನ್ನ ಬೇಟಾ, ಎಲ್ಲಿ ನೋವು, ಕಣ್ಣು ತಗಿ,” ಎಂದು ಮುಖದ ಮಣ್ಣು ಒರೆಸತೊಡಗಿದಳು.

ಕರುಣಾ ಕಣ್ಣು ತೆರೆಯಲಿಲ್ಲ. ನೋವಿನಲ್ಲಿ ಆ ಮಡಿಲಿಗೆ ಮುಖ ಒತ್ತಿ, “ಅಮ್ಮೀ,” ಎಂದಳು.

ಅಫ್ರೀನ್ ಬಾಯಿಗೆ ಕೈ ಅಡ್ಡ ಹಿಡಿದಳು. ತಾಯಿಯನ್ನು ಹಾಗೆಯೇ ಎಳೆದು, ಕೊನೆಯಲ್ಲಿ ಸ್ವಲ್ಪ ಅಳು ಬೆರೆಸಿ ಕರೆಯುತ್ತಿದ್ದವಳು ಜೋಯಾ ಒಬ್ಬಳೇ.

ಹಾಜರಾಬಿಯ ಕೈ ನಿಂತಿತು. ಮಣ್ಣು ಹೋದ ಮುಖವನ್ನು ಅವಳು ಇಷ್ಟು ದಿನದಲ್ಲಿ ಮೊದಲ ಸಲ ನೋಡಿದಳು. ಯಾರದೋ ಮಗಳ ಮುಖ. ಅವಳಿಂದ ಒಂದು ಸದ್ದು ಹೊರಟಿತು, ಅದನ್ನು ಅಳು ಎನ್ನಲೂ ಆಗದು. ಆದರೂ ತಲೆಯನ್ನು ಕೆಳಗಿಡಲಿಲ್ಲ. ಹುಡುಗಿ ಕಣ್ಣು ಬಿಡುವ ತನಕ ಕಾದು, ಹಣೆಯ ಕೂದಲು ಸರಿಸಿ, ಮೆಲ್ಲಗೆ ಕೇಳಿದಳು.

“ನಿನ್ನ ಹೆಸರೇನವಾ?”

ಹುಡುಗಿ ಬಾಯಿ ತೆರೆದಳು. ಕತ್ತು ತಿರುಗಿಸಿ ಅರ್ಜುನಪ್ಪ ಸರ್ ಮುಖ ನೋಡಿದಳು, ಚೆಂಡು ಮುಟ್ಟಲೋ ಬೇಡವೋ ಎಂದು ಆಟಗಾರರು ಕೋಚನ್ನು ನೋಡುವ ಹಾಗೆ.

ಸರ್ ಆಗಲಿ ಎಂದು ತಲೆಯಾಡಿಸಿದರು. ಆಡಿಸಿದ ಮೇಲೆ ತಾವು ಮಾಡಿದ್ದೇನೆಂದು ಅವರಿಗೆ ಹೊಳೆಯಿತು. ಒಬ್ಬ ಹುಡುಗಿಗೆ ಅವಳದೇ ಹೆಸರು ಹೇಳಲು ಅವರು ಅಪ್ಪಣೆ ಕೊಟ್ಟಿದ್ದರು. ಅಲ್ಲೇ ನೆಲಕ್ಕೆ ಕೂತರು.

“ಕರುಣಾ ರೀ,” ಎಂದಳು ಹುಡುಗಿ, ತಪ್ಪು ಉತ್ತರ ಹೇಳಿದವಳ ಹಾಗೆ.