ಅಮ್ಮ ಎಲ್ಲ ಒಗೆದು ಹೋಗಿದ್ದಳು

ಸೋಪು, ಬರೀ ಸೋಪು, ಬೇರೇನೂ ಇಲ್ಲ — ರಾಹೆರಾ ಅಮ್ಮನ ಉಣ್ಣೆಯಂಗಿಯನ್ನು ಮತ್ತೆ ಮಡಿಲಲ್ಲಿ ಹರಡಿ ಎರಡೂ ಅಂಗೈಯನ್ನು ಅದರ ಮೇಲಿಟ್ಟಳು, ತೋಳು, ಕೊರಳಪಟ್ಟಿ, ಗುಂಡಿ, ಜೇಬಿನ ಒಳಗು, ಎಷ್ಟು ಒಗೆದರೂ ಜೇಬಿನ ಮೂಲೆಯಲ್ಲಿ ಮನುಷ್ಯರು ಒಂದಿಷ್ಟು ಉಳಿದೇ ಇರುತ್ತಾರೆ, ಇವಳ ಕೈಗೆ ಸಿಗುವಷ್ಟು, ಆದರೆ ಅಮ್ಮ ಜೇಬನ್ನೂ ಹೊರಗೆ ತಿರುವಿ ಒಗೆದಿದ್ದಾಳೆ, ಅದೂ ಕುದಿಯುವ ನೀರಿನಲ್ಲಿ, ಅಂಗಿ ಕುಗ್ಗಿ ಮಗುವಿನದಾಗಿದೆ, ಉಣ್ಣೆಗೆ ಬಿಸಿನೀರು ತಾಗಿಸಬೇಡ ಕಣೇ ಅಂತ ಇವಳಿಗೆ ಕಲಿಸಿದವಳೇ ಅಮ್ಮ, ಅಂದರೆ ಮರೆತು ಮಾಡಿದ್ದಲ್ಲ, ಬೇಕೆಂದೇ ಮಾಡಿದ್ದು, ಹಾಸಿಗೆಯ ಬಟ್ಟೆ ಒಗೆದು, ದಿಂಬಿನ ಚೀಲ ಒಗೆದು, ಬಾಚಣಿಗೆಯನ್ನು ಬ್ಲೀಚಿನಲ್ಲಿ ನೆನೆಸಿಟ್ಟು ಹೋದವಳು ಹೊಳೆಗೆ ಬಿದ್ದಿರುವುದಿಲ್ಲ, ಇದು ಇವಳಿಗೆ ಮೊದಲ ದಿನವೇ ಗೊತ್ತು, ಆದರೂ ಹೊರಗೆ ಹೆಲಿಕಾಪ್ಟರ್ ಅಳಿವೆಯ ಮೇಲೆ ಸುತ್ತುತ್ತಿದೆ, ಊರಿನ ಗಂಡಸರೆಲ್ಲ ಸೊಂಟದ ತನಕ ತಣ್ಣೀರಿನಲ್ಲಿ ನಿಂತು ಕೋಲಿನಿಂದ ಚುಚ್ಚಿ ಚುಚ್ಚಿ ನೋಡುತ್ತಿದ್ದಾರೆ, ಮತ್ತೆ ಇವಳು ಊರವರೆಲ್ಲ ಕೂಡುವ ಮರಾಯ್‌ನ ಊಟದ ಮನೆಯಲ್ಲಿ ಒಲೆಯ ಪಕ್ಕ ಬೆಚ್ಚಗೆ ಕೂತು ಸೋಪು ಮುಟ್ಟಿ ಮುಟ್ಟಿ ನೋಡುತ್ತಿದ್ದಾಳೆ. ತಾಮಾತಿ ಮಾವ ಗಂಬೂಟಿನಿಂದ ನೀರು ಸುರಿಸುತ್ತ ಬಂದ, ಎಪ್ಪತ್ತು ದಾಟಿದವನು, ತುಟಿ ನೀಲಿಯಾಗಿತ್ತು, ಏನಾದ್ರೂ ಸಿಕ್ತೇನೇ ಮಗಳೇ ನಿನ್ನ ಕೈಗೆ ಅಂದ, ಇಲ್ಲ ಮಾವ ಅಂದಳು, ಒಗೆದುಬಿಟ್ಟಿದ್ದಾಳೆ ಅನ್ನಲಿಲ್ಲ, ಹೇಗನ್ನುವುದು, ನನ್ನ ಕೈಯಿಂದ ತಪ್ಪಿಸಿಕೊಳ್ಳೋಕೆ ಅಮ್ಮ ತನ್ನನ್ನೇ ಒಗೆದು ಒಣಗಿಹಾಕಿ ಹೋದಳು ಅಂತ ಇಡೀ ಟೊಕೊಮಾರು ಊರಿನ ಎದುರು ಹೇಗೆ ಹೇಳುವುದು, ಅದರಲ್ಲೂ ತಂಗಿ ಹೇನಿ ಬರುವ ದಿನ.

ಹೇನಿ ಬಂದಳು ಅಂತ ನೋಡಬೇಕಿರಲಿಲ್ಲ, ಅಡುಗೆಮನೆಯ ಸದ್ದೇ ಬದಲಾಯಿತು, ಗೆಣಸು ಹೆರೆಯುವ ಕೈಗಳು ನಿಂತವು, ಕೇರಿಯಾನಾ ದೊಡ್ಡಮ್ಮ ಅಪ್ರನ್ನಿಗೆ ಕೈ ಒರೆಸಿಕೊಂಡು ಓಡಿದಳು, ಮಂಡಿ ನೋವು ಮಂಡಿ ನೋವು ಅಂತ ಬೆಳಗಿಂದ ಒಂದು ಪಾತ್ರೆ ಎತ್ತದವಳು ಓಡಿದಳು, ಬಂದ್ಯಾ ನನ್ನ ಬಂಗಾರ, ಎಷ್ಟು ಸೊರಗಿದೀಯೇ, ಆಕ್ಲೆಂಡಿನಲ್ಲಿ ಊಟ ಹಾಕಲ್ವೇನೇ ನಿಂಗೆ, ಮೂಗಿಗೆ ಮೂಗು, ಹಣೆಗೆ ಹಣೆ ಒತ್ತುವ ಊರಿನ ನಮಸ್ಕಾರ, ಕಣ್ಣೀರು, ಮತ್ತೆ ಇನ್ನೊಬ್ಬಳು ಮುದುಕಿ, ಇನ್ನಷ್ಟು ಕಣ್ಣೀರು, ಇವಳೇನು ಸೊರಗಿಲ್ಲವೇ, ಎರಡು ದಿನದಿಂದ ನಿದ್ದೆ ಇಲ್ಲದೆ ಇಲ್ಲಿ ಎಲ್ಲರಿಗೂ ರೊಟ್ಟಿ ಕರಿದು ಹಾಕಿದವಳು ಯಾರು, ಆದರೆ ರೊಟ್ಟಿ ಕರಿಯುವವಳ ಮುಖ ಯಾರಿಗೆ ಬೇಕು. ಹೇನಿ ಕೆಂಪು ಬೂಟು ಹಾಕಿದ್ದಳು, ಅಮ್ಮ ಕಳೆದುಹೋದಾಗಲೂ ಕೆಂಪು ಬೂಟು, ಚೆಂದವಾಗಿ ಕಾಣುತ್ತಿತ್ತು, ಅದೇ ಇನ್ನೂ ಉರಿಯಿತು. ಏನಾದ್ರೂ ಕಂಡ್ಯಾ, ಕನಸಲ್ಲಿ ಬಂದ್ಲಾ ಅಂತ ದೊಡ್ಡಮ್ಮ ಕೇಳಿದ್ದು, ಎಲ್ಲರೂ ಉಸಿರು ಹಿಡಿದು ಕಾದದ್ದು, ಇನ್ನೂ ಇಲ್ಲ ದೊಡ್ಡಮ್ಮ ಅಂತ ಹೇನಿ ಅಂದದ್ದು — ಇವಳ ಕೈಗೆ ಏನು ಸಿಕ್ಕಿತು ಅಂತ ಉಸಿರು ಹಿಡಿದು ಕೇಳಿದವರು ಈ ಊರಿನಲ್ಲಿ ಒಬ್ಬರಿಲ್ಲ. ಅಮ್ಮನಿಗೆ ಎರಡೂ ಇತ್ತು, ಮುಟ್ಟಿದರೆ ತಿಳಿಯುವುದೂ ಕಣ್ಣು ಮುಚ್ಚಿದರೆ ಕಾಣುವುದೂ, ನಿಮ್ಮಿಬ್ಬರಿಗೂ ಅರ್ಧರ್ಧ ಹಂಚಿದೀನಿ ಜಗಳ ಆಡ್ಬೇಡಿ ಅಂತ ರೊಟ್ಟಿ ಮುರಿದು ಕೊಟ್ಟ ಹಾಗೆ ಹೇಳುತ್ತಿದ್ದಳು, ಯಾವತ್ತು ಸಮ ಮುರಿದಿದ್ದಳು ಅಮ್ಮ, ಹೇನಿಯ ಪಾಲಿಗೆ ಕನಸು, ಸತ್ತವರು, ಬರಲಿರುವುದು, ಇವಳ ಪಾಲಿಗೆ ಊರಿನ ಕಳೆದುಹೋದ ಬೀಗದಕೈ, ಯಾರದೋ ನಾಯಿಯ ಕೊರಳಪಟ್ಟಿ, ತಾಮಾತಿ ಮಾವನ ಹಲ್ಲಿನ ಸೆಟ್ಟು, ರಾಹೆರಾ ಸ್ವಲ್ಪ ನೋಡಮ್ಮ ಎಲ್ಲಿಟ್ಟೆ ಅಂತ, ನೋಡುತ್ತಾಳೆ, ದೋಣಿಯ ಕೆಳಗಿದೆ ಮಾವ, ಓ ಹೌದಲ್ವಾ, ಅಷ್ಟೇ, ಮುಗಿಯಿತು. ಹೇನಿ ಇವಳ ಹತ್ತಿರ ಬಂದು ಮೂಗು ಮುಂದೆ ತಂದಳು. ಇವಳು ರೊಟ್ಟಿಯ ತಟ್ಟೆ ಎತ್ತಿಕೊಂಡು ದಾರಿ ಬಿಡು, ಬಿಸಿ ಇದೆ ಅಂದಳು.

ಅಪ್ಪ ಸತ್ತಾಗ ಇದೇ ಮರಾಯ್, ಆಚೆಯ ದೊಡ್ಡಮನೆಯ ಚಾಪೆಯ ಮೇಲೆ ಅಪ್ಪನ ಶವಪೆಟ್ಟಿಗೆ, ಒಂದು ಬದಿಗೆ ಅಮ್ಮ ಇನ್ನೊಂದು ಬದಿಗೆ ಹೇನಿ ಮತ್ತು ತಾನು, ಅಪ್ಪನ ದೋಣಿ ಬಂಡೆಗೆ ಬಡಿಯುವುದು ಯಾರಿಗೆ ತಾನೇ ಮೊದಲೇ ಗೊತ್ತಿರಲು ಸಾಧ್ಯ, ಅಂದುಕೊಂಡೇ ಇವಳು ಅಮ್ಮನ ಕೈ ಹಿಡಿದಳು, ಸಮಾಧಾನಕ್ಕೆ, ಮಗಳು ಅಮ್ಮನ ಕೈ ಹಿಡಿಯುವುದಿಲ್ಲವೇ, ಮತ್ತೆ ಆ ಕೈಯೊಳಗೆ ಸಿಕ್ಕಿಬಿಟ್ಟಿತು — ಹೇನಿ ಬೆಳಗ್ಗೆ ಎದ್ದು ಅಡುಗೆಮನೆಯಲ್ಲಿ ಅಮ್ಮನ ಕಿವಿಯಲ್ಲಿ ಹೇಳಿದ್ದು, ಮುಗುಚಿದ ದೋಣಿ ಕಂಡೆ ಅಮ್ಮಾ, ಯಾರದೋ ತಿಳೀಲಿಲ್ಲ, ಅಮ್ಮ ಯಾರಿಗೂ ಹೇಳ್ಬೇಡ ಅಂದಿದ್ದು, ಅಪ್ಪ ತಿಂಡಿ ತಿಂದು ಎದ್ದು ಹೋಗಿದ್ದು. ಇವಳೂ ಅದೇ ಮನೆಯಲ್ಲಿದ್ದಳು, ಗೋಡೆಯ ಆಚೆ, ತಲೆ ಬಾಚಿಕೊಳ್ಳುತ್ತಿದ್ದಳು, ಇವಳಿಗೆ ಹೇಳಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ. ಆಮೇಲೆ ಅಲ್ಲೇ ಎದ್ದು ನಿಂತು ಹೇನಿಯ ಮುಖಕ್ಕೇ ಕೂಗಿದ್ದು, ಕೊಂದ್ಯಲ್ಲೇ, ಬಾಯಿ ಬಿಟ್ಟಿದ್ರೆ ಉಳೀತಿದ್ರಲ್ಲೇ, ಬಂದವರೆಲ್ಲ ತಲೆ ತಗ್ಗಿಸಿದ್ದು, ಅಪ್ಪನನ್ನು ಮಣ್ಣು ಮಾಡಿದ ಸಂಜೆಯೇ ಹೇನಿ ಬಸ್ಸು ಹತ್ತಿದ್ದು. ಜನ ಅಂದುಕೊಂಡರು ಇವಳು ಅಪ್ಪನಿಗಾಗಿ ಕೂಗಿದಳು ಅಂತ. ಅಪ್ಪನಿಗಾಗಿ ಅಲ್ಲ, ಪೂರ್ತಿ ಅಲ್ಲ, ಅಡುಗೆಮನೆಯ ಆ ಪಿಸುಮಾತಿಗಾಗಿ, ಅಮ್ಮನ ಕಿವಿಯ ಹತ್ತಿರ ಹೇನಿಯ ಬಾಯಿ, ಅಷ್ಟು ಹತ್ತಿರ. ಅವತ್ತಿನಿಂದ ಅಮ್ಮ ಕೈಗವಸು ಹಾಕಿದಳು, ಚಳಿಗೆ ಅಂದಳು, ಬೇಸಿಗೆಯಲ್ಲೂ ಚಳಿಗೆ ಅಂದಳು, ಚಹಾದ ಲೋಟವನ್ನು ಇವಳ ಕೈಯಿಂದ ತೆಗೆದುಕೊಳ್ಳುವುದಿಲ್ಲ, ಅಲ್ಲಿಡು, ಮೇಜಿನ ಮೇಲಿಡು, ಜ್ವರ ಬಂದಾಗ ಹಣೆ ಮುಟ್ಟಲು ಹೋದರೆ ಮುಖ ಗೋಡೆಗೆ, ಬೆನ್ನು ಉಜ್ಜಲು ನರ್ಸ್ ಬೇಕು, ವಾರಕ್ಕೊಮ್ಮೆ ಬರುವ ನರ್ಸ್ ಮುಟ್ಟಬಹುದು, ಜೊತೆಗೆ ಬಾಳುವ ಮಗಳು ಮುಟ್ಟಬಾರದು, ಆದರೆ ಹೇನಿಗೆ ಮಾತ್ರ ಫೋನ್ ಹೋಗುತ್ತಿರಬೇಕು, ಇವಳು ಅಂಗಡಿಗೆ ಹೋದಾಗ, ಇವಳು ಮಲಗಿದಾಗ, ಎಲ್ಲ ಹೇಳುತ್ತಿರಬೇಕು ಅವಳಿಗೆ, ಕಿವಿಗೆ ಬಾಯಿ, ಇಷ್ಟು ವರ್ಷ ಇವಳು ಫೋನಿನ ಧೂಳು ಒರೆಸುವಾಗಲೂ ಬಟ್ಟೆ ಹಿಡಿದು ಒರೆಸಿದ್ದಳು, ಬರಿಗೈ ತಾಗಿಸಿ ತಿಳಿದುಕೊಳ್ಳುವ ಧೈರ್ಯ ಇರಲಿಲ್ಲ.

ಹಿತ್ತಿಲ ಮೆಟ್ಟಿಲಲ್ಲಿ ಹಂದಿಮೂಳೆ ಬೇಯಿಸಿದ ಪಾತ್ರೆ ತಿಕ್ಕುತ್ತಿದ್ದಾಗ ಕೆಂಪು ಬೂಟು ಪಕ್ಕದಲ್ಲಿ ಬಂದು ನಿಂತಿತು, ಅಮ್ಮ ಬದುಕಿದ್ದಾಳೆ ಕಣೇ ಅಕ್ಕಾ. ಇವಳು ತಿಕ್ಕುತ್ತಲೇ ಇದ್ದಳು. ಕಂಡಿದೆ, ಹಳದಿ ಗೋಡೆ, ನೆಲದ ಮೇಲೆ ಹಸಿರು ಪ್ಲಾಸ್ಟಿಕ್ ಬೋಗುಣಿ, ಹಬೆ ಏಳ್ತಿದೆ, ಅಮ್ಮನ ಮುಖ ಇದೆ, ನಗ್ತಿದಾಳೆ, ಆದ್ರೆ ಎಲ್ಲಿ ಅಂತ ತಿಳೀತಿಲ್ಲ, ನಂಗೆ ಯಾವತ್ತೂ ಎಲ್ಲಿ ಅಂತ ತಿಳಿಯಲ್ಲ, ಅದು ನಿನ್ನ ಪಾಲು. ನಗುತ್ತಿದ್ದಾಳಂತೆ. ಇವಳೆದುರು ನಗದ ಅಮ್ಮ ಎಲ್ಲೋ ಹಳದಿ ಗೋಡೆಗೆ ಒರಗಿ ನಗುತ್ತಿದ್ದಾಳೆ, ಅದನ್ನೂ ಹೇನಿಗೇ ತೋರಿಸುತ್ತಿದ್ದಾಳೆ. ಎಲ್ಲರೆದುರು ಯಾಕೆ ಹೇಳ್ಲಿಲ್ಲ, ಉಸಿರು ಹಿಡ್ಕೊಂಡು ಕೂತಿದ್ರಲ್ಲ ನಿನ್ನ ಭಕ್ತರು ಅಂದಳು. ಹಿಂದೊಂದು ಸಲ ಅರ್ಧ ಕಂಡಿದ್ದನ್ನ ಹೇಳಿ ಏನಾಯ್ತು ನೋಡಿದೀಯಲ್ಲ ಅಂದಳು ಹೇನಿ, ಕೈ ಕೊಡು, ಒಂದ್ಸಲ ಕೊಡು, ಆಮೇಲೆ ಇನ್ನೂ ಬೇಕಾದಷ್ಟು ವರ್ಷ ದ್ವೇಷ ಮಾಡು. ಕೊಡಬಾರದಿತ್ತು, ಆದರೆ ಅಳಿವೆಯಲ್ಲಿ ಮಾವನ ನೀಲಿ ತುಟಿ, ಮತ್ತೆ ನಿಜ ಹೇಳಬೇಕೆಂದರೆ ಮಾವನಿಗಾಗಿಯೂ ಅಲ್ಲ, ಅಮ್ಮ ಹೇನಿಗೆ ಏನೇನು ಹೇಳಿದ್ದಾಳೆ ಅಂತ ನೋಡಬೇಕಿತ್ತು, ಕಳ್ಳಿಯ ಹಾಗೆ ನೋಡಬೇಕಿತ್ತು, ಜಿಡ್ಡಿನ ಕೈಯನ್ನೇ ಚಾಚಿದಳು. ಹೇನಿಯ ಅಂಗೈ ತಣ್ಣಗಿತ್ತು. ಒಳಗೆ ಮೊದಲು ಸಿಕ್ಕಿದ್ದು ಫೋನ್, ಹೇನಿ ಕಿವಿಗಿಟ್ಟುಕೊಂಡ ಫೋನ್, ಆ ಕಡೆ ಅಮ್ಮನ ದನಿ, ರಾಂಗ್ ನಂಬರ್ ಕಣಮ್ಮ, ಕಟ್, ಮತ್ತೆ ಒಂದು ಕ್ರಿಸ್ಮಸ್ಸು, ರಾಂಗ್ ನಂಬರ್, ಮತ್ತೊಂದು ವರ್ಷ, ಅದೂ ಇಲ್ಲ, ಬರೀ ಗಂಟೆ ಬಾರಿಸುತ್ತ ಇರುವುದು. ಅಷ್ಟೇ ಇದ್ದದ್ದು. ಪಿಸುಮಾತು ಇರಲಿಲ್ಲ, ಒಂದೂ ಇರಲಿಲ್ಲ. ಇಷ್ಟು ವರ್ಷ ಉರಿದದ್ದೆಲ್ಲ ಬರಿ ನೆಲದ ಮೇಲೆ — ಇವಳಿಗೆ ಸಮಾಧಾನ ಆಗಬೇಕಿತ್ತು, ಯಾರೋ ಕೈಯಿಂದ ಕಸಿದುಕೊಂಡ ಹಾಗಾಯಿತು. ಅದರ ಹಿಂದೆ ಹಳದಿ ಗೋಡೆ, ಬೋಗುಣಿ, ಬೋಗುಣಿಯಾಚೆ ಕಿಟಕಿ, ಹೇನಿ ಕಾಣದ ಕಿಟಕಿ, ಕಿಟಕಿಯಾಚೆ ಕಂದು ಹೊಳೆ, ಹೊಳೆದಂಡೆಯಲ್ಲಿ ಅಂಗಡಿಗಳ ಸಾಲಿನೆದುರು ಬೆಳ್ಳಗೆ ಒಂದು ದೀಪಸ್ತಂಭ, ಹಡಗಿಗೆ ದಾರಿ ತೋರುವಂಥದ್ದು, ಸಮುದ್ರವೇ ಇಲ್ಲದ ಪೇಟೆಯ ನಡುವೆ ನಿಂತ ದೀಪಸ್ತಂಭ. ವೈರೋವಾ ಅಂದಳು ರಾಹೆರಾ. ಕೈ ಕಿತ್ತುಕೊಂಡಳು.

ಕೇರಿಯಾನಾ ದೊಡ್ಡಮ್ಮನಿಗೆ ಹೇಳಿದಾಗ ಅವಳ ಚಾಕು ಗೆಣಸಿನಲ್ಲೇ ನಿಂತಿತು, ವೈರೋವಾನಾ, ಅಂದಳು, ಯಾರನ್ನೂ ನೋಡದೆ, ಅಲ್ಲಿ ನಿಮ್ಮಮ್ಮ ಚಿಕ್ಕವಳಿದ್ದಾಗ ಕೆಲಸಕ್ಕಿದ್ಲು, ನಿಮ್ಮಪ್ಪನ್ನ ಕಟ್ಕೊಳ್ಳೋಕೂ ಮುಂಚೆ, ಹೋಗಿ, ನೋಡ್ಕೊಂಡ್ ಬನ್ನಿ, ಕಣ್ಣಾರೆ ಕಂಡು ಫೋನ್ ಮಾಡಿ, ಅಲ್ಲೀ ತನಕ ತಾಮಾತಿ ನೀರಿಂದ ಏಳೋನಲ್ಲ. ಗಿಸ್ಬೋರ್ನ್ ಪೇಟೆಯ ತನಕ ಮರದ ದಿಮ್ಮಿ ಹೊತ್ತ ಲಾರಿಗಳು ಎದುರಿಗೆ ಬಂದು ಕಾರನ್ನು ಅಲ್ಲಾಡಿಸಿ ಹೋದವು, ಗಿಸ್ಬೋರ್ನ್‌ನಲ್ಲಿ ಹೇನಿ ಎರಡು ಕಡುಬಿನಂಥ ಮಾಂಸದ ಪೈ ತಂದಳು, ಒಂದನ್ನು ಇವಳ ತೊಡೆಯ ಮೇಲಿಟ್ಟಳು, ಕೈಗೆ ಕೊಡಲಿಲ್ಲ, ಹೆದರಿಕೆಯೇನೇ ಅಂದಳು ಇವಳು, ಇಲ್ಲಪ್ಪ ಡ್ರೈವ್ ಮಾಡ್ತಿದೀಯಲ್ಲ ಅಂತ, ಅಂದಳು ಹೇನಿ, ಫೋನ್ ಕಂಡ್ಯಾ ನನ್ನ ಕೈಲಿ, ಕಂಡೆ, ಮತ್ತೆ ಗುಡ್ಡ, ಪೈನ್ ಕಾಡು, ಮಂಜು, ನಾನು ಏನಂದ್ಕೊಂಡಿದ್ದೆ ಗೊತ್ತಾ ಅಕ್ಕಾ, ನಿಂಗೆ ಸಿಗ್ತಿದಾಳಲ್ಲ ಅಮ್ಮ ಅಂತ, ದಿನಾ ಅವಳ ತಲೆ ಬಾಚ್ತಿರ್ತೀಯ ಅಂತ, ನಾನು ಅಲ್ಲಿ ಬಾತ್‌ರೂಮಲ್ಲಿ ಕೂತು ಅದನ್ನೇ ನೆನಸ್ಕೊಂಡು ಹಲ್ಲು ಕಡೀತಿದ್ದೆ. ತಲೆ ಬಾಚುವುದೇ. ಇವಳಿಗೆ ನಗು ಬಂತು, ನಿಲ್ಲಿಸಲಾಗದ ನಗು, ಮೋರೆರೆಯ ಇಳಿಜಾರಿನಲ್ಲಿ ಕಾರು ಬದಿಗೆ ಹಾಕಬೇಕಾಯಿತು, ಹೇನಿಯೂ ನಕ್ಕಳು, ಪೈಯ ಚೂರು ಸೀಟಿನ ಮೇಲೆಲ್ಲ, ಅಮ್ಮ ಇನ್ನೊಬ್ಬಳ ಹತ್ತಿರ ಇದ್ದಾಳೆ ಅಂತ ಇಬ್ಬರೂ ಉರಿದಿದ್ದರು, ಇಬ್ಬರ ಹತ್ತಿರವೂ ಇರಲಿಲ್ಲ. ಒಂದು ಕ್ಷಣ ಇವಳಿಗೆ ಅನ್ನಿಸಿತು, ಸಾಕು, ಇಷ್ಟಕ್ಕೆ ಮುಗಿಯಲಿ, ಈಗ ಹೋಗಿ ಅಮ್ಮನನ್ನು ಕರೆತಂದು ಇಬ್ಬರೂ ಸೇರಿ —

ದೀಪಸ್ತಂಭ ಕಾಣುವ ಮನೆಗಳು ಅಷ್ಟೇನಿರಲಿಲ್ಲ, ಹೊಳೆಯ ಆಚೆದಡದಲ್ಲಿ ಮೂರನೆಯ ಗೇಟು ಮುಟ್ಟಿದ ಕೂಡಲೇ ತಿಳಿಯಿತು, ಇಲ್ಲಿ ಅಮ್ಮ ಒಗೆದಿರಲಿಲ್ಲ, ಗೇಟಿನ ಕಬ್ಬಿಣದ ಮೇಲೆ ಅಮ್ಮನ ಬರಿಗೈ, ಕೈಗವಸಿಲ್ಲದ ಕೈ, ಒಂದಲ್ಲ ಹಲವು ಸಲ, ಹಲವು ವರ್ಷ, ನರ್ಸ್ ಜೊತೆ ಗಿಸ್ಬೋರ್ನ್ ಆಸ್ಪತ್ರೆಗೆ ಅಂತ ಹೋದ ದಿನಗಳೆಲ್ಲ ಇಲ್ಲಿದ್ದವು. ಹಿಂಬಾಗಿಲು ತೆರೆದಿತ್ತು. ಹಳದಿ ಗೋಡೆ, ಹಸಿರು ಬೋಗುಣಿ, ಕುರ್ಚಿಯಲ್ಲಿ ಅಮ್ಮ, ನೆಲದ ಮೇಲೆ ಕೂತ ದಪ್ಪನೆಯ ನರೆಗೂದಲಿನ ಹೆಂಗಸಿನ ಮಡಿಲಲ್ಲಿ ಟವೆಲು, ಟವೆಲಿನ ಮೇಲೆ ಅಮ್ಮನ ಒದ್ದೆ ಪಾದ, ಅವಳು ಕಣ್ಣು ಕಿರಿದು ಮಾಡಿ ಅಮ್ಮನ ಕಾಲುಗುರು ಕತ್ತರಿಸುತ್ತಿದ್ದಳು. ಓ ಬಂದ್ರಾ, ಬನ್ನಿ ಬನ್ನಿ ಅಂದಳು ಹೆಂಗಸು, ಕತ್ತರಿ ನಿಲ್ಲಿಸದೆ, ಬರ್ತೀರಂತ ಅಮ್ಮ ಹೇಳಿದ್ರು, ನನ್ನ ಹುಡುಗೀರಿಗೆ ನಾನೆಲ್ಲಿದ್ರೂ ಗೊತ್ತಾಗತ್ತೆ ಫೋನೇನೂ ಬೇಡ ಅಂದ್ರು, ರೇಡಿಯೊ ಬೇರೆ ಕೆಟ್ಟುಹೋಗಿದೆ. ರೇಡಿಯೊದ ಪ್ಲಗ್ಗು ಕಿತ್ತು ಅಮ್ಮನ ಕುರ್ಚಿಯ ಹಿಂದೆ ಬಿದ್ದಿತ್ತು. ಹೊಳೇಲಿ ಹುಡುಕ್ತಿದಾರೆ ನಿನ್ನ, ಇಡೀ ಊರು ನೀರಲ್ಲಿದೆ ಅಂತ ಹೇನಿ ಕೂಗಿದಳು, ಅಮ್ಮ ತಲೆ ತಗ್ಗಿಸಿದಳು, ಅಷ್ಟೆಲ್ಲ ಆಗತ್ತೆ ಅಂದ್ಕೊಳ್ಳಲಿಲ್ಲ ಕಣೇ ಅಂದಳು, ಇವಳು ಎರಡು ಹೆಜ್ಜೆ ಮುಂದಿಟ್ಟಳು, ಅಮ್ಮ ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು, ಬೇಡ ರಾಹೆರಾ, ಮುಟ್ಟಬೇಡ, ಹೊಟ್ಟೇಲಿ ಕಾಯಿಲೆ ಬೆಳೀತಿದೆ, ನೀನು ಮುಟ್ಟಿದ್ರೆ ಡಾಕ್ಟರಿಗಿಂತ ಜಾಸ್ತಿ ತಿಳಿಯತ್ತೆ ನಿಂಗೆ, ಹೇನಿ ಕಣ್ಮುಚ್ಚಿದ್ರೆ ಯಾವತ್ತು ಅಂತಾನೂ ತಿಳಿಯತ್ತೆ, ಆಮೇಲೆ ನಿಮ್ಮ ಮುಖ ನೋಡಿದ್ರೆ ನಂಗೂ ತಿಳಿಯತ್ತೆ, ನಂಗೆ ಅದು ಬೇಡ, ಸಾಯೋಕೆ ಒಂದು ಮರೆ ಬೇಕು ಕಣ್ರೇ, ಇವಳ ಮುಖ ನೋಡಿ, ಏನಾದ್ರೂ ಗೊತ್ತಾ ಇವಳಿಗೆ. ಹೆಂಗಸು ನಕ್ಕಳು, ನಂಗಾ, ಇವತ್ತು ಯಾವ ವಾರ ಅಂತಾನೇ ಗೊತ್ತಿಲ್ಲ. ಯಾರಮ್ಮ ಇವರು ಅಂದಳು ಹೇನಿ. ಮಾಟೆರೋವಾ, ಅಂದಳು ಅಮ್ಮ, ನನ್ನ ದೊಡ್ಡ ಮಗಳು, ಹದಿನೆಂಟಕ್ಕೆ ಹೆತ್ತೆ, ಈ ಮನೆಯವರು ಸಾಕಿಕೊಂಡ್ರು, ನಿಮ್ಮಪ್ಪನಿಗೂ ಹೇಳಿರ್ಲಿಲ್ಲ. ದೊಡ್ಡ ಮಗಳು. ಅಂದರೆ ಅಕ್ಕ ಅನ್ನುವುದೂ ಇವಳದಲ್ಲ, ಅದೊಂದಾದರೂ ಪೂರ್ತಿ ಇವಳ ಪಾಲಿನದು ಅಂದುಕೊಂಡಿದ್ದಳು, ಅದನ್ನೂ ಬೇರೆಯವರಿಗೆ ಕೊಟ್ಟು ಮಿಕ್ಕದ್ದನ್ನು ಇವಳಿಗೆ ಹಾಕಿದ್ದು. ಹೇನಿ ಫೋನ್ ಹಿಡಿದು ಅಂಗಳಕ್ಕೆ ಓಡಿದಳು, ಸಿಕ್ಕಿದ್ಲು ಮಾವ, ಬದುಕಿದಾಳೆ, ನೀರಿಂದ ಮೇಲೆ ಬನ್ನಿ, ಅಳುತ್ತಿದ್ದಳೋ ನಗುತ್ತಿದ್ದಳೋ, ಇವಳು ಹೊಸ್ತಿಲಲ್ಲೇ ನಿಂತಳು, ಕೂತ್ಕೊಳಮ್ಮ ತಂಗಿ, ಚಹಾ ಮಾಡ್ತೀನಿ, ಒಂದು ಕಾಲು ಬಾಕಿ ಇದೆ ಅಂದಳು ಮಾಟೆರೋವಾ, ಇನ್ನೊಂದು ಪಾದವನ್ನು ಬೋಗುಣಿಯಿಂದ ಎತ್ತಿ ಹಿಮ್ಮಡಿಯನ್ನು ಅಂಗೈಯಲ್ಲಿಟ್ಟುಕೊಂಡಳು, ಒರಟು ಅಂಗೈ, ಅದಕ್ಕೆ ಏನೂ ತಿಳಿಯುತ್ತಿಲ್ಲ, ಹಿಮ್ಮಡಿಯ ಬಿರುಕಿನಲ್ಲಿ ಅಪ್ಪನ ದೋಣಿ ಇರಬೇಕು, ಹೊಟ್ಟೆಯಲ್ಲಿ ಬೆಳೆಯುತ್ತಿರುವ ಕಾಯಿಲೆ ಇರಬೇಕು, ಇನ್ನೆಷ್ಟು ದಿನ ಅನ್ನುವುದೂ ಇರಬೇಕು, ಎಲ್ಲ ಆ ಅಂಗೈಗೆ ತಾಗುತ್ತಿದೆ, ಏನೂ ತಿಳಿಯುತ್ತಿಲ್ಲ, ನೋವಾಗ್ತಿದೆಯಾ ಅಮ್ಮಾ, ಇಲ್ಲ ಕಣೇ ಹಿತವಾಗಿದೆ, ಅಮ್ಮ ಕಣ್ಣು ಮುಚ್ಚಿದಳು, ತೊಡೆಯ ಕೆಳಗಿಂದ ಒಂದು ಕೈ ಹೊರಗೆ ಬಂದು ನರೆಗೂದಲಿನ ಮೇಲೆ ಕೂತಿತು, ಹೆಬ್ಬೆರಳು, ಕಟ್, ಅಂಗೈಯಲ್ಲಿ ಹಿಮ್ಮಡಿ, ಪಕ್ಕದ ಬೆರಳು, ಕಟ್, ಅಂಗೈಯಲ್ಲಿ ಹಿಮ್ಮಡಿ, ಏನೂ ತಿಳಿಯದ ಅಂಗೈಯಲ್ಲಿ ಅಮ್ಮನ ಒದ್ದೆ ಹಿಮ್ಮಡಿ —