ಬಂಗಾರೆವ್ವನ ಅಂಕಿತ

ಅತ್ತೆ ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು. "ಹಂಗಾರ ಕಳಸೂದ ಬ್ಯಾಡ!"

ನಿಯಮವೇನು ನನ್ನದಲ್ಲ. ಧಾರವಾಡದ ಒಂದು ಪ್ರಕಾಶನ ಮೊದಲ ಕವನ ಸಂಕಲನಕ್ಕೆ ಸ್ಪರ್ಧೆ ಕರೆದಿತ್ತು. ಗೆದ್ದವರ ಪುಸ್ತಕವನ್ನು ಅವರೇ ಅಚ್ಚು ಹಾಕಿಸುತ್ತಾರೆ, ಆದರೆ ಕವಿತೆಗಳಲ್ಲಿ ಎಲ್ಲೂ ಕವಿಯ ಹೆಸರಿರಬಾರದು. ಅತ್ತೆಯ ನಲವತ್ತೆರಡು ಕವಿತೆಗಳೂ 'ಅಂದಾಳ ಬಂಗಾರೆವ್ವ' ಎಂದೇ ಮುಗಿಯುತ್ತವೆ. ಭಜನೆ ಹಾಡಿ ಬೆಳೆದವರು, ಅಂಕಿತವಿಲ್ಲದ ಹಾಡು ಅವರಿಗೆ ಗೊತ್ತೇ ಇಲ್ಲ. ತಿಂಗಳುಗಟ್ಟಲೆ ಟೈಪ್ ಮಾಡಿದ ನಾನು ನಿಯಮ ಓದಿದ್ದು ಕೊನೆಯ ದಿನ ಬೆಳಿಗ್ಗೆ. ಆಫೀಸಿನಲ್ಲಿ ಬೇರೆಯವರ ಕಂಪ್ಯೂಟರ್ ಕೋಡಿನ ತಪ್ಪು ಹುಡುಕಿ ಸಂಬಳ ಎಣಿಸುವವಳ ಬುದ್ಧಿ ಇಷ್ಟು.

"ಕೊನೇ ಸಾಲು ತೆಗೆದ್ರೆ ಆಯ್ತು ಅತ್ತೆ, ಹತ್ತು ನಿಮಿಷದ ಕೆಲಸ."

"ಗದಗಿನ ಮನಿ ಬಾಗಿಲಿಗೆ ನಿಮ್ಮ ಮಾವನ ಹೆಸರು. ಲಗ್ನಪತ್ರಿಕೆಯೊಳಗ ಶ್ರೀಮತಿ ಗುರುಶಾಂತಪ್ಪ. ನನ್ನ ಹೆಸರು ಇರೂದು ಇಲ್ಲೊಂದಽ ಕಡೆ. ಅದನ್ನೂ ಅಳಸಂತಿ. ಆಮ್ಯಾಲೆ ಇವು ನನ್ನವು ಅಂತ ಹ್ಯಾಂಗ ತಿಳೀಬೇಕು?"

ನನಗೆ ನಾಚಿಕೆಯಾಯಿತು. ಹೆಸರಿಲ್ಲದಿದ್ದರೂ ತಿಳಿಯುತ್ತದೋ ಇಲ್ಲವೋ ನೋಡಿಯೇಬಿಡೋಣ ಅನ್ನಿಸಿತು. ಅದಕ್ಕೇ ಈ ಪರದೇಶದಲ್ಲಿ ಅವರಿಗೆ ಸಿಕ್ಕ ಊರಕಡೆಯ ಗೆಳತಿ, ನೆವಾರ್ಕಿನ ರಹಮತ್ ಬೀ ಅವರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಸುಮ್ಮನಿರಿ ಎಂದು ಅತ್ತೆಗೆ ಸನ್ನೆ ಮಾಡಿದೆ.

"ಖಾಲಾ, ಮೂರು ಕವಿತೆ ಓದ್ತೀನಿ. ಹೇಗಿವೆ ಹೇಳಿ."

ಮೊದಲೆರಡು ಬೇರೆಯವರವು, ಇಲ್ಲಿನ ಕನ್ನಡ ಕೂಟದ ಸ್ಮರಣ ಸಂಚಿಕೆಯಿಂದ ಓದಿದೆ. ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಲ್ಲಲಿಲ್ಲ. ಮೂರನೆಯದು ಅತ್ತೆ ಮೊನ್ನೆಯಷ್ಟೇ ಬರೆದದ್ದು, ಯಾರೂ ಕೇಳಿರಲಿಲ್ಲ.

"ಕಡಲು ಇಷ್ಟು ಸನೇಕ ಐತಿ,
ಸೊಸಿ ಪಲ್ಯಾಕ ಉಪ್ಪು ಹತ್ತವಲ್ದು..."

ನಲ್ಲಿ ನಿಂತಿತು. ರಹಮತ್ ಬೀ ಗಹಗಹಿಸಿ ನಕ್ಕರು. "ಅಯ್ಯ, ಇದು ನಮ್ಮ ಬಂಗಾರೆವ್ವಂದು! ಅಕಿ ಬಿಟ್ಟು ಮತ್ಯಾರು ಹಿಂಗ ಬರೀತಾರ? ಬಾಜೂಕಽ ಕುಂತಾಳೇನು?"

ಅತ್ತೆ ಸೆರಗಿನಿಂದ ಕನ್ನಡಕ ಒರೆಸಿದರು, ಆಮೇಲೆ ಕಣ್ಣು.

"ಅಳಸು," ಎಂದರು ಕೊನೆಗೆ.

"ಎಲ್ಲಾನೂ?"

"ಎಲ್ಲಾನೂ."

ಪ್ರತಿ ಪುಟಕ್ಕೂ ಅವರ ಮುಖ ನೋಡಿಕೊಂಡೇ ಅಳಿಸಿದೆ. ಕಳಿಸುವವರ ವಿವರಕ್ಕೆ ಬೇರೆಯೇ ಒಂದು ಅರ್ಜಿ ಇತ್ತು. ಅಲ್ಲಿ ಪಾಸ್‌ಪೋರ್ಟಿನಲ್ಲಿದ್ದಂತೆ ಮಾವನ ಹೆಸರನ್ನೂ ಸೇರಿಸಲು ಹೊರಟೆ. ಅತ್ತೆ ನನ್ನ ಕೈ ಸರಿಸಿ, ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದರು: ಬಂಗಾರೆವ್ವ. ಅಷ್ಟೇ.

ಕಳಿಸುವ ಮುಂಚೆ ನಾನೂ ಒಂದು ಪ್ರಯತ್ನ ಮಾಡಿದೆ. "ಅತ್ತೆ, ಹೇಗೂ ಅಳಿಸ್ತಾ ಇದ್ದೀವಿ, ಆ ಪಲ್ಯದ ಸಾಲೂ..."

"ಹೆಸರು ತಗದೀನಿ," ಎಂದರು ಅತ್ತೆ, ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು. "ಉಪ್ಪು ತಗಿಯೂದಿಲ್ಲ."