ಜೀಪಿನಲ್ಲಿ ಮಾತಾಡಬಾರದು

ಆಫ್ರಿಕಾಕ್ಕೆ ಹೊರಡಲು ಇನ್ನೂ ಎರಡು ತಿಂಗಳಿದ್ದಾಗಲೇ ಆ ಮನೆಯವರು ಊಟದ ಮೇಜಿನ ನಾಲ್ಕು ಕುರ್ಚಿಗಳಲ್ಲಿ ಅರ್ಧ ಆಫ್ರಿಕಾ ಸುತ್ತಿ ಮುಗಿಸಿದ್ದರು. ಮುಂದೆ ಎರಡು ಕುರ್ಚಿ, ಹಿಂದೆ ಎರಡು. ಮೇಲೆ ಚಾವಣಿಗೆ, ಅಮ್ಮ ಹೊಲಿಗೆ ಮಾಡುವ ಪರದೆ ಅಂಗಡಿಯಲ್ಲಿ ಉಳಿದ ಹಸಿರು ಬಟ್ಟೆ. ಸ್ಟಿಯರಿಂಗಿಗೆ ಒಂದು ತಟ್ಟೆ. ಲಿಫ್ಟ್ ರಿಪೇರಿ ಮಾಡುವ ಅಪ್ಪ ಕೆಲಸದಿಂದ ಬಂದು ಆ ತಟ್ಟೆ ಹಿಡಿದು ಕೂತರೆ ಜೀಪು ಹೊರಟಿತೆಂದೇ ಅರ್ಥ.

ಎಂಟು ವರ್ಷದ ಮಗನಿಗೆ ಮನೆಯಲ್ಲಿ ‘ಮೇಷ್ಟ್ರು’ ಅಂತ ಹೆಸರು. ಪ್ರಾಣಿಗಳ ವಿಷಯದಲ್ಲಿ ಅವನನ್ನು ಮೀರಿಸಿದವರಿಲ್ಲ, ಮೀರಿಸಲು ಅವನು ಬಿಡುವುದೂ ಇಲ್ಲ. ಐದೂವರೆ ವರ್ಷದ ಮಗಳು ‘ರೇಡಿಯೊ’. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಬಾಯಿ ಬಿಡುತ್ತಾಳೆ. ಜಿರಾಫೆಗೆ ಗಂಟಲು ನೋವು ಬಂದರೆ ಎಷ್ಟು ಔಷಧಿ ಬೇಕು, ಸಿಂಹಕ್ಕೆ ತಲೆ ಬಾಚುವವರು ಯಾರು, ಅವಳ ಪ್ರಶ್ನೆಗಳಿಗೆ ಕೊನೆಯೆಂಬುದಿಲ್ಲ. ಕೇಳಿದವರ ತಲೆ ಚಿಟ್ಟು ಹಿಡಿಯಬೇಕು.

ಆದರೂ ಆ ಮನೆಯಲ್ಲಿ ಯಾರೂ ಅವಳಿಗೆ ‘ಬಾಯಿ ಮುಚ್ಚು’ ಅಂದವರಲ್ಲ. ನಾಲ್ಕು ವರ್ಷ ತುಂಬುವವರೆಗೆ ಆ ಮಗು ಒಂದೇ ಒಂದು ಮಾತೂ ಆಡಿರಲಿಲ್ಲ. ಬೇಕಾದ್ದಕ್ಕೆ ಬೆರಳು ತೋರಿಸುತ್ತಿತ್ತು, ಅಷ್ಟೇ. ಕಿವಿ ಸರಿಯಿದೆ, ಕಾಯಿರಿ ಅಂದಿದ್ದರು ಡಾಕ್ಟರು. ಕಾಯುವುದೇನು ಹೇಳಿದಷ್ಟು ಸುಲಭವೇ? ಹೊಲಿಗೆ ಯಂತ್ರದ ಮುಂದೆ ಕೂತು ಅಮ್ಮ ಕಣ್ಣೊರೆಸಿಕೊಂಡ ದಿನಗಳು ಆ ಯಂತ್ರಕ್ಕೇ ಗೊತ್ತು. ಕಡೆಗೊಂದು ದಿನ ಅಣ್ಣನ ಆಫ್ರಿಕಾ ಪ್ರಾಣಿಗಳ ಪುಸ್ತಕದ ಮೇಲೆ ಬೆರಳಿಟ್ಟು ಮಗು ‘ಆನೆ’ ಅಂದಿತು. ಆನೆ ನೋಡೋಕೆ ಆಫ್ರಿಕಾಕ್ಕೇ ಹೋಗೋಣ ಅಂತ ಅಪ್ಪ ಹಿಂದೆಮುಂದೆ ನೋಡದೆ ಮಾತು ಕೊಟ್ಟದ್ದು ಅವತ್ತೇ.

ಈಗ ಪ್ರವಾಸ ಕಚೇರಿಯ ಫಾರಂ ಬಂದು ಕೂತಿತ್ತು. ನದಿ ದಡದ ಕ್ಯಾಂಪಾದರೆ ತೆರೆದ ಜೀಪು, ಬೇರೆ ಪ್ರವಾಸಿಗರ ಜೊತೆ. ಆನೆಗಳು ತೀರಾ ಹತ್ತಿರ ಬರುತ್ತವೆ. ಆದರೆ ಆರು ವರ್ಷದೊಳಗಿನ ಮಕ್ಕಳು ಮೂರು ಗಂಟೆ ಸದ್ದಿಲ್ಲದೆ ಕೂರಬಲ್ಲರೆಂದು ಹೆತ್ತವರು ಸಹಿ ಹಾಕಬೇಕು. ಆಗದಿದ್ದರೆ ಅಂಥ ಮಗುವನ್ನು ಕ್ಯಾಂಪಿನಲ್ಲೇ ಬಿಟ್ಟು ಹೋಗಬೇಕು. ಬೇಡವೆಂದರೆ ಇನ್ನೊಂದು ಕಾಡಿದೆ. ಅಲ್ಲಿ ಗಾಜಿನ ಕಿಟಕಿಯ ವ್ಯಾನು, ತಮ್ಮವರಷ್ಟೇ ಇರುತ್ತಾರೆ. ಬೇಕಾದಷ್ಟು ಹರಟಬಹುದು, ಪ್ರಾಣಿಗಳು ಮಾತ್ರ ದೂರ. ಮೇಷ್ಟ್ರ ಜೀವವೆಲ್ಲ ನದಿ ಕ್ಯಾಂಪಿನ ಮೇಲಿತ್ತು.

ಸೋಮವಾರ ಉತ್ತರ ಕೊಡಬೇಕಿತ್ತು. ಒಂದ್ಸಲ ನೋಡೇಬಿಡೋಣ ಅಂತ ಅಮ್ಮನೇ ಭಾನುವಾರ ಮಧ್ಯಾಹ್ನ ಪರೀಕ್ಷೆ ಇಟ್ಟಳು.

“ಒಂದು ಗಂಟೆ. ತುಟಿ ಪಿಟಕ್ಕೆನ್ನಬಾರದು,” ಅಂದ ಮೇಷ್ಟ್ರು. “ಮಾತಾಡಿದ್ರೆ ನಿನ್ನ ಕ್ಯಾಂಪಲ್ಲೇ ಬಿಟ್ಟು ಹೋಗ್ತೀವಿ.”

ಐದು ನಿಮಿಷಕ್ಕೇ ಸೋಲುತ್ತಾಳೆ ಅಂತ ಅಪ್ಪ ಒಳಗೊಳಗೇ ನಗುತ್ತಿದ್ದ. ಐದಾಯಿತು, ಹತ್ತಾಯಿತು. ರೇಡಿಯೊ ಹಿಂದಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಳು. ಅಡುಗೆಮನೆಯ ಫ್ರಿಜ್ಜಿನ ಸದ್ದು ಅಮ್ಮನಿಗೆ ಎಷ್ಟೋ ದಿನಗಳ ಮೇಲೆ ಕೇಳಿಸಿತು. ಗಂಟೆ ತುಂಬಿದಾಗ ಅಪ್ಪ ತಟ್ಟೆ ಬಡಿದು, “ಭಲೇ, ಪಾಸಾದೆ ಕಣೇ,” ಅಂದ.

ಅಮ್ಮ ಹಾಲು ಬಿಸಿ ಮಾಡಿ ತಂದಳು. “ಸಕ್ಕರೆ ಹಾಕ್ಲಾ ಪುಟ್ಟಿ?”

ಮಗಳು ಸಕ್ಕರೆ ಡಬ್ಬಿಯ ಕಡೆ ಬೆರಳು ತೋರಿಸಿದಳು.

ಅಮ್ಮ ಗಾಬರಿಯಿಂದ ಲೋಟ ಕೆಳಗಿಟ್ಟು ಮಗಳ ಮುಂದೆ ಕುಕ್ಕರಿಸಿದಳು. “ಆಟ ಮುಗೀತು ಕಂದ. ಈಗ ಮಾತಾಡ್ಬಹುದು.”

ಮಗಳು ಇಲ್ಲವೆಂದು ತಲೆಯಾಡಿಸಿದಳು.

“ಯಾಕಮ್ಮಾ? ನನ್ನ ಬಂಗಾರ ಅಲ್ವಾ, ಒಂದೇ ಒಂದು ಮಾತಾಡು.”

ಮಗಳು ಅತ್ತಿತ್ತ ನೋಡಿ ಮೆಲ್ಲಗೆ ಹೇಳಿದಳು: “ಮಾತಾಡಿದ್ರೆ ನನ್ನ ಬಿಟ್ಟು ಹೋಗ್ತೀರಲ್ಲ. ಅದಕ್ಕೆ ಈಗ್ಲಿಂದ್ಲೇ ಅಭ್ಯಾಸ ಮಾಡ್ಕೋತಿದೀನಿ.”

ಅಮ್ಮ ಅವಳನ್ನು ಬಾಚಿ ತಬ್ಬಿಕೊಂಡಳು. ಬೇಡಿ ಬೇಡಿ ಪಡೆದ ಮಾತಿಗೆ ತಾನೇ ಬೀಗ ಹಾಕಿಸಲು ಹೊರಟೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. “ನಿನ್ನ ಬಿಟ್ಟು ನಾವೆಲ್ಲೂ ಹೋಗಲ್ಲ,” ಅಂದಳು. ಆದರೆ ಮಗನಿಗೆ ಏನು ಹೇಳುವುದು? ಅವನ ಕಡೆ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ.

ಮೇಷ್ಟ್ರು ಹಸಿರು ಬಟ್ಟೆಯ ಕೆಳಗೆ ತಲೆ ತಗ್ಗಿಸಿ ಕೂತಿದ್ದ. ಅಲ್ಲಿಂದಲೇ, “ಅಮ್ಮ, ವ್ಯಾನಲ್ಲೇ ಹೋಗೋಣ,” ಅಂದ.

“ನದಿ ಕ್ಯಾಂಪು ಬೇಡ್ವೇನೋ?”

“ಇವಳು ಏನೂ ಕೇಳದೇ ಇದ್ರೆ ನನಗೆ ಗೊತ್ತಿರೋದೆಲ್ಲ ಯಾರಿಗೆ ಹೇಳ್ಲಿ?”

“ಅಣ್ಣ, ವ್ಯಾನೊಳಗೆ ಆನೆ ಹಿಡಿಸತ್ತಾ?” ಅಂತ ರೇಡಿಯೊ ಶುರು ಮಾಡಿಯೇಬಿಟ್ಟಳು.

ಸೋಮವಾರ ಅಂಗಡಿಯಲ್ಲಿ ಪರದೆಗಳ ರಾಶಿಯ ನಡುವೆ ಕೂತು ಅಮ್ಮ ಪ್ರವಾಸ ಕಚೇರಿಗೆ ಫೋನ್ ಮಾಡಿದಳು. “ನಮಗೆ ವ್ಯಾನೇ ಇರಲಿ. ನಮ್ಮ ಮಗಳು ಒಂದು ನಿಮಿಷವೂ ಸುಮ್ಮನಿರಲ್ಲ.”

ಕಚೇರಿಯ ಹುಡುಗಿ ಸಮಾಧಾನ ಹೇಳಿದಳು: “ಬೇಜಾರು ಮಾಡ್ಕೋಬೇಡಿ ಮೇಡಂ. ದೊಡ್ಡೋಳಾದ್ಮೇಲೆ ಮಾತು ಕಡಿಮೆಯಾಗತ್ತೆ.”

“ಅಯ್ಯೋ, ಬೇಡಮ್ಮ,” ಅಂದಳು ಅಮ್ಮ. “ಹೀಗೇ ಇರಲಿ.”